ಹಡಗು ಹತ್ತುವ ಮೊದಲು ಕಲಿಯಬೇಕಾದ ಐದು ಪಾಠಗಳು

ಹಾವೇರಿ ಜಿಲ್ಲೆಗೆ ಸಮುದ್ರವಿಲ್ಲ. ಹಾನಗಲ್ಲಿನವರು ಶಿರಸಿ ದಾಟಿ, ಘಟ್ಟ ಇಳಿದು, ಕುಮಟಾ ಮುಟ್ಟಿದ ಮೇಲೆಯೇ ಕಡಲು ಕಾಣುವುದು. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಮಕ್ಕಳು ಬಾಲ್ಯದಿಂದ ನೋಡಿದ ನೀರೆಂದರೆ ಊರ ಕೆರೆ, ವರದಾ ನದಿ, ಕುಮುದ್ವತಿ ಹೊಳೆ. ಆದರೂ ‘ಮರ್ಚೆಂಟ್ ನೇವಿ’ ಎಂಬ ಮಾತು ಈಗ ನಮ್ಮ ಮನೆಗಳಿಗೂ ಬಂದಿದೆ. ಹತ್ತನೇ ತರಗತಿ ಪಾಸಾಗಿದ್ದರೆ ಸಾಕು, ಹಡಗಿನಲ್ಲಿ ಕೆಲಸ, ಡಾಲರಿನಲ್ಲಿ ಸಂಬಳ, ಊಟ ವಸತಿ ಉಚಿತ ಎಂಬ ಜಾಹೀರಾತು ಮೊಬೈಲಿನಲ್ಲಿ ಬರುತ್ತದೆ. ಮಗ ಆಸೆಪಡುತ್ತಾನೆ. ಅಮ್ಮಿ ಬಳೆ ಬಿಚ್ಚಿಕೊಡಲು ಸಿದ್ಧ, ಅಬ್ಬಾ ಹೊಲದ ಮೇಲೆ ಸಾಲ ತೆಗೆಯಲು ಸಿದ್ಧ. ಆಗ ಏಜೆಂಟ್ ಹೇಳುವ ಒಂದು ಮಾತಿದೆ: “ಬೇಸಿಕ್ ಕೋರ್ಸಿನ ಸರ್ಟಿಫಿಕೇಟ್ ಬೇಕಾಗುತ್ತದೆ. ಅದನ್ನು ನಾವೇ ಮಾಡಿಸಿಕೊಡುತ್ತೇವೆ, ಹುಡುಗ ಬರುವುದೇ ಬೇಡ.”

ಇಡೀ ವ್ಯವಹಾರದಲ್ಲಿ ಎಲ್ಲಕ್ಕಿಂತ ಅಪಾಯದ ಮಾತು ಇದೇ. ಆ ಬೇಸಿಕ್ ಕೋರ್ಸ್ ಏನು, ಅದರಲ್ಲಿ ಏನು ಕಲಿಸುತ್ತಾರೆ, ಅದನ್ನು ಕಲಿಯದೆ ಹಡಗು ಹತ್ತಿದರೆ ಏನಾಗುತ್ತದೆ ಎಂಬುದನ್ನು ಮಗ ಮಾತ್ರವಲ್ಲ, ಮನೆಯವರೆಲ್ಲ ತಿಳಿದಿರಬೇಕು.

ಮಂಗಳೂರಿಗೆ ಬಂದ ಹದಿನೆಂಟು ಮಂದಿ

2025ರ ಜೂನ್ 9ರಂದು ‘ವಾನ್ ಹೈ 503’ ಎಂಬ ಕಂಟೇನರ್ ಹಡಗು ಕೊಲಂಬೊದಿಂದ ಮುಂಬಯಿಯ ನ್ಹಾವಾ ಶೇವಾ ಬಂದರಿಗೆ ಹೊರಟಿತ್ತು. ಕೇರಳದ ಕರಾವಳಿಯಾಚೆ ಅದರಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು. ಹಡಗಿನಲ್ಲಿ ಇದ್ದವರು 22 ಮಂದಿ. ಅವರಲ್ಲಿ 18 ಮಂದಿ ಉರಿಯುವ ಹಡಗನ್ನು ಬಿಟ್ಟು ಪಾರಾದರು. ನಮ್ಮ ನೌಕಾಪಡೆಯ ಐಎನ್‌ಎಸ್ ಸೂರತ್ ಅವರನ್ನು ಅದೇ ರಾತ್ರಿ ಮಂಗಳೂರಿಗೆ ಕರೆತಂದಿತು. ಗಾಯಗೊಂಡವರಿಗೆ ಅಲ್ಲಿಯೇ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ಉಳಿದ ನಾಲ್ವರು ಕಾಣೆಯಾದರು.

ಅದಕ್ಕೆ ಎರಡು ವಾರ ಮೊದಲು, ಮೇ 25ರಂದು, ‘ಎಂಎಸ್‌ಸಿ ಎಲ್ಸಾ 3’ ಎಂಬ ಹಡಗು ಕೊಚ್ಚಿಯ ಸಮೀಪ ವಾಲಿ ಮುಳುಗಿತ್ತು. ಅದರಲ್ಲಿದ್ದ 24 ಮಂದಿಯೂ ಬದುಕಿದರು.

ಹಡಗು ಹೋದರೂ ಜನ ಉಳಿಯುವುದು ಕೇವಲ ಅದೃಷ್ಟದಿಂದಲ್ಲ. ಹಡಗು ಬಿಡುವುದು ಹೇಗೆ, ದೋಣಿ ಇಳಿಸುವುದು ಹೇಗೆ, ನೀರಿನಲ್ಲಿ ತೇಲುವುದು ಹೇಗೆ ಎಂಬುದನ್ನು ಮೊದಲೇ ಕೈಯಾರೆ ಮಾಡಿ ಕಲಿತವರಿಗೆ ಆ ಹೊತ್ತಿನಲ್ಲಿ ಕೈಕಾಲು ಆಡುತ್ತವೆ. ಕಲಿಯದವನು ನಿಂತಲ್ಲೇ ನಿಲ್ಲುತ್ತಾನೆ. ಕಾಣೆಯಾದ ನಾಲ್ವರು ಇನ್ನೊಂದನ್ನೂ ನೆನಪಿಸುತ್ತಾರೆ: ಕಲಿತವರಿಗೂ ಕಡಲಿನಲ್ಲಿ ಖಾತ್ರಿಯಿಲ್ಲ. ಹಾಗಿರುವಾಗ ಕಲಿಯದವನ ಪಾಡೇನು?

ಈ ತರಬೇತಿ ಎಂದರೇನು?

ಮರ್ಚೆಂಟ್ ನೇವಿ ಎಂದರೆ ಸೈನ್ಯವಲ್ಲ. ಎಣ್ಣೆ, ಕಲ್ಲಿದ್ದಲು, ಅದಿರು, ಧಾನ್ಯ, ಕಂಟೇನರ್ ಸಾಗಿಸುವ ವ್ಯಾಪಾರಿ ಹಡಗುಗಳ ಕೆಲಸ ಅದು. ಈ ಹಡಗುಗಳಲ್ಲಿ ದುಡಿಯುವವರಿಗೆ ಯಾವ ತರಬೇತಿ ಇರಬೇಕೆಂದು 1978ರಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಅದನ್ನು ಎಸ್‌ಟಿಸಿಡಬ್ಲ್ಯೂ ಎನ್ನುತ್ತಾರೆ. 1995ರಲ್ಲಿ ಒಮ್ಮೆ, 2010ರಲ್ಲಿ ಮನಿಲಾದಲ್ಲಿ ಇನ್ನೊಮ್ಮೆ ಅದನ್ನು ದೊಡ್ಡದಾಗಿ ತಿದ್ದಿದರು. ಭಾರತದಲ್ಲಿ ಇದರ ಉಸ್ತುವಾರಿ ಮುಂಬಯಿಯಲ್ಲಿರುವ ಕೇಂದ್ರ ಸರ್ಕಾರದ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕಚೇರಿಯದು. ಜನ ಅದನ್ನು ಡಿಜಿ ಶಿಪ್ಪಿಂಗ್ ಎಂದೇ ಕರೆಯುತ್ತಾರೆ.

ಡೆಕ್ಕಿನ ಮೇಲೆ ದುಡಿಯುವವನಿರಲಿ, ಎಂಜಿನ್ ಕೋಣೆಯವನಿರಲಿ, ಅಡುಗೆ ಮಾಡುವವನಿರಲಿ, ಹಡಗಿನ ಸಿಬ್ಬಂದಿಗೆಲ್ಲ ಈ ಮೂಲ ತರಬೇತಿ ಬೇಕೇ ಬೇಕು. ನಮ್ಮ ದೇಶದಲ್ಲಿ ಇದು ಐದು ಕೋರ್ಸುಗಳಾಗಿ ನಡೆಯುತ್ತದೆ. ಎಲ್ಲ ಸೇರಿ ಸುಮಾರು ಎರಡು ವಾರ.

ಒಂದನೆಯ ಪಾಠ: ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು

ಹಡಗಿನಲ್ಲಿ ಏಳು ಅಥವಾ ಹೆಚ್ಚು ಸಲ ಗಿಡ್ಡ ಸದ್ದು, ಆಮೇಲೆ ಒಂದು ಉದ್ದನೆಯ ಸದ್ದು ಕೇಳಿದರೆ ಅದು ಅಪಾಯದ ಗಂಟೆ. ನಿದ್ದೆಯಲ್ಲಿದ್ದವನೂ ಎದ್ದು, ಲೈಫ್ ಜಾಕೆಟ್ ಹಿಡಿದು, ತನಗೆ ಗೊತ್ತುಮಾಡಿದ ಜಾಗಕ್ಕೆ ಹೋಗಬೇಕು. ಯಾರು ಎಲ್ಲಿ ನಿಲ್ಲಬೇಕು, ಯಾರ ಕೆಲಸ ಏನು ಎಂಬ ಪಟ್ಟಿ ಹಡಗಿನ ಗೋಡೆಯ ಮೇಲೆ ಇರುತ್ತದೆ. ಹಡಗು ಹತ್ತಿದ ದಿನವೇ ತನ್ನ ಹೆಸರನ್ನು ಅದರಲ್ಲಿ ಹುಡುಕಿಕೊಳ್ಳಬೇಕೆಂದು ಮೊದಲು ಕಲಿಸುತ್ತಾರೆ.

ಆಮೇಲೆ ಈಜುಕೊಳಕ್ಕೆ ಇಳಿಸುತ್ತಾರೆ. ಲೈಫ್ ಜಾಕೆಟ್ಟನ್ನು ಒಂದು ನಿಮಿಷದೊಳಗೆ ಬೇರೆಯವರ ನೆರವಿಲ್ಲದೆ ಕಟ್ಟಿಕೊಳ್ಳಬೇಕು. ಎತ್ತರದಿಂದ ನೀರಿಗೆ ಜಿಗಿಯಬೇಕು. ಜಿಗಿಯಲೂ ಒಂದು ಕ್ರಮವಿದೆ: ಕೆಳಗೆ ಯಾರೂ ಇಲ್ಲವೆಂದು ನೋಡಿ, ಒಂದು ಕೈಯಿಂದ ಮೂಗು ಬಾಯಿ ಮುಚ್ಚಿ, ಇನ್ನೊಂದು ಕೈಯಿಂದ ಜಾಕೆಟ್ಟನ್ನು ಕೆಳಕ್ಕೆ ಒತ್ತಿ ಹಿಡಿದು, ಕಾಲು ಜೋಡಿಸಿ, ನೇರ ಮುಂದೆ ನೋಡುತ್ತ ಹೆಜ್ಜೆ ಇಡಬೇಕು. ಜಾಕೆಟ್ ಹಿಡಿಯದೆ ಹಾರಿದರೆ ನೀರು ತಾಗಿದೊಡನೆ ಅದು ಮೇಲೆದ್ದು ಗದ್ದಕ್ಕೆ, ಕುತ್ತಿಗೆಗೆ ಬಡಿಯುತ್ತದೆ.

ನೀರಿಗೆ ಬಿದ್ದ ಮೇಲೆ ಸುಮ್ಮನೆ ಕೈಕಾಲು ಬಡಿದರೆ ಶಕ್ತಿ, ಶಾಖ ಎರಡೂ ಹೋಗುತ್ತವೆ. ಒಬ್ಬನೇ ಇದ್ದರೆ ಮೊಣಕಾಲನ್ನು ಎದೆಯ ಕಡೆ ಎಳೆದುಕೊಂಡು ತೇಲಬೇಕು. ನಾಲ್ಕಾರು ಜನ ಇದ್ದರೆ ಒಬ್ಬರನ್ನೊಬ್ಬರು ತಬ್ಬಿ ಗುಂಪಾಗಿರಬೇಕು. ಗುಂಪನ್ನು ಹುಡುಕುವುದೂ ಸುಲಭ.

ಲೈಫ್ ರಾಫ್ಟ್ ಎಂದರೆ ಗಾಳಿ ತುಂಬಿಕೊಳ್ಳುವ ತೆಪ್ಪ. ಅದು ಡೆಕ್ಕಿನ ಮೇಲೆ ಬಿಳಿ ಪೀಪಾಯಿಯಂಥ ಡಬ್ಬಿಯಲ್ಲಿ ಇರುತ್ತದೆ. ನೀರಿಗೆ ತಳ್ಳಿ ಹಗ್ಗ ಜಗ್ಗಿದರೆ ಅರಳುತ್ತದೆ. ಕೆಲವೊಮ್ಮೆ ಬೋರಲಾಗಿ ಅರಳುತ್ತದೆ. ಆಗ ನೀರಿನಲ್ಲಿರುವವನೇ ಅದರ ಮೇಲೆ ಹತ್ತಿ, ಸಿಲಿಂಡರ್ ಇರುವ ಬದಿಯಲ್ಲಿ ನಿಂತು, ಪಟ್ಟಿ ಹಿಡಿದು ಹಿಂದಕ್ಕೆ ವಾಲಿ ಅದನ್ನು ಮಗುಚಬೇಕು. ಪುಸ್ತಕ ಓದಿ ಇದು ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ, ಜಾಕೆಟ್ ಕಟ್ಟಿಕೊಂಡು, ಒಂದೆರಡು ಸಲ ಸೋತು ಆಮೇಲೆ ಬರುತ್ತದೆ.

ತೆಪ್ಪದ ಒಳಗೂ ಪಾಠವಿದೆ. ಅದರಲ್ಲಿ ಒಬ್ಬನಿಗೆ ಒಂದೂವರೆ ಲೀಟರ್ ಲೆಕ್ಕದಲ್ಲಿ ಕುಡಿಯುವ ನೀರು ಇಟ್ಟಿರುತ್ತಾರೆ. ಲೈಫ್ ಬೋಟಿನಲ್ಲಾದರೆ ಮೂರು ಲೀಟರ್. ಗಾಯಾಳುಗಳ ಹೊರತು ಉಳಿದವರು ಮೊದಲ 24 ಗಂಟೆ ನೀರು ಮುಟ್ಟಬಾರದೆಂದು ಕಲಿಸುತ್ತಾರೆ. ಆವರೆಗೆ ದೇಹದಲ್ಲಿರುವ ನೀರೇ ಸಾಕಾಗುತ್ತದೆ. ಎಷ್ಟೇ ಬಾಯಾರಿದರೂ ಸಮುದ್ರದ ನೀರು ಕುಡಿಯಬಾರದು. ಅದರ ಉಪ್ಪನ್ನು ಹೊರಹಾಕಲು ದೇಹ ತನ್ನಲ್ಲಿರುವ ನೀರನ್ನೇ ಕಳೆದುಕೊಳ್ಳುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ವಾಂತಿ ಬರುವ ಮೊದಲೇ ನುಂಗಬೇಕು. ತೆಪ್ಪದ ಕುಲುಕಾಟದಲ್ಲಿ ವಾಂತಿ ಶುರುವಾದರೆ ಮೈಯ ನೀರೆಲ್ಲ ಖಾಲಿ.

ಎರಡನೆಯ ಪಾಠ: ಬೆಂಕಿ

ಊರಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕ ಗಾಡಿಗೆ ಫೋನ್ ಮಾಡುತ್ತೇವೆ. ನಡುಗಡಲಿಗೆ ಗಾಡಿ ಬರುವುದಿಲ್ಲ. ಹಡಗಿನ ಇಪ್ಪತ್ತು ಇಪ್ಪತ್ತೈದು ಮಂದಿಯೇ ಅಗ್ನಿಶಾಮಕ ದಳ.

ಉರಿಯಲು ವಸ್ತು, ಶಾಖ, ಗಾಳಿ ಮೂರೂ ಬೇಕು. ಒಂದನ್ನು ತೆಗೆದರೆ ಬೆಂಕಿ ಆರುತ್ತದೆ. ಆದರೆ ಯಾವುದನ್ನು ಹೇಗೆ ತೆಗೆಯಬೇಕೆಂಬುದು ಬೆಂಕಿಯ ಜಾತಿಯನ್ನು ನೋಡಿ ನಿರ್ಧಾರವಾಗಬೇಕು. ಕಟ್ಟಿಗೆ, ಬಟ್ಟೆಗೆ ನೀರು ಸರಿ. ಎಣ್ಣೆಯ ಬೆಂಕಿಗೆ ನೀರು ಸುರಿದರೆ ಎಣ್ಣೆ ಸಿಡಿದು ಹರಡುತ್ತದೆ, ಅದಕ್ಕೆ ನೊರೆ ಬೇಕು. ಕರೆಂಟಿನ ಬೆಂಕಿಗೆ ನೀರು ಹೊಡೆದರೆ ಹೊಡೆದವನಿಗೇ ಶಾಕ್. ಹಡಗು ಇಡೀ ಕಬ್ಬಿಣ. ಒಲೆಯ ಮೇಲಿನ ತವಾದಂತೆ ಕಾಯುತ್ತದೆ. ಒಂದು ಕೋಣೆಯ ಬೆಂಕಿ ಗೋಡೆ ಮುಟ್ಟದೆಯೇ ಪಕ್ಕದ ಕೋಣೆಯ ಸಾಮಾನಿಗೆ ಹತ್ತಬಹುದು. ಅದಕ್ಕೇ ಸುತ್ತಲಿನ ಗೋಡೆಗಳಿಗೂ ನೀರು ಹೊಡೆದು ತಣ್ಣಗಿಡಬೇಕು.

ತರಬೇತಿಯಲ್ಲಿ ನಿಜವಾದ ಬೆಂಕಿ ಹಚ್ಚಿ ಆರಿಸಲು ಕೊಡುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮುಸುಕು ಕಟ್ಟಿ, ಹೊಗೆ ತುಂಬಿದ ಕೋಣೆಯೊಳಗೆ ಹಗ್ಗ ಹಿಡಿದು ಕಳಿಸುತ್ತಾರೆ. ಅಲ್ಲಿ ತನ್ನ ಕೈ ತನಗೆ ಕಾಣುವುದಿಲ್ಲ. ಗೋಡೆ ತಡವಿಕೊಂಡು, ಬಾಗಿ, ತೆವಳಿ ಹೊರಬರಬೇಕು. ಆ ಅಂಜಿಕೆ ಒಮ್ಮೆ ತರಬೇತಿಯಲ್ಲೇ ಮುಗಿದಿರಲಿ ಎಂಬುದೇ ಇದರ ಉದ್ದೇಶ.

ಮೂರನೆಯ ಪಾಠ: ಪ್ರಥಮ ಚಿಕಿತ್ಸೆ

ಅಂತಾರಾಷ್ಟ್ರೀಯ ನಿಯಮದಂತೆ ನೂರು ಅಥವಾ ಹೆಚ್ಚು ಜನರಿದ್ದು, ಮೂರು ದಿನಕ್ಕಿಂತ ಹೆಚ್ಚಿನ ವಿದೇಶಿ ಯಾನ ಮಾಡುವ ಹಡಗಿನಲ್ಲಷ್ಟೇ ಡಾಕ್ಟರ್ ಕಡ್ಡಾಯ. ಸರಕು ಹಡಗಿನಲ್ಲಿ ಅಷ್ಟು ಜನ ಇರುವುದೇ ಇಲ್ಲ. ಆದ್ದರಿಂದ ಪಕ್ಕದಲ್ಲಿ ನಿಂತವನೇ ಮೊದಲ ವೈದ್ಯ. ಉಸಿರು ನಿಂತವನ ಎದೆಯನ್ನು ಮೂವತ್ತು ಸಲ ಒತ್ತಿ ಎರಡು ಸಲ ಉಸಿರು ಕೊಡುವುದು, ರಕ್ತ ಸುರಿಯುವ ಗಾಯವನ್ನು ಬಿಡದೆ ಒತ್ತಿ ಹಿಡಿಯುವುದು, ಮೂಳೆ ಮುರಿದವನನ್ನು ಎತ್ತುವ ರೀತಿ, ಇವೆಲ್ಲ ಈ ಕೋರ್ಸಿನಲ್ಲಿವೆ. ಸುಟ್ಟ ಗಾಯಕ್ಕೆ ನಮ್ಮಲ್ಲಿ ಟೂತ್‌ಪೇಸ್ಟ್, ಮಸಿ ಹಚ್ಚುವ ರೂಢಿ ಇನ್ನೂ ಇದೆ. ಮಾಡಬೇಕಾದದ್ದು ಇಪ್ಪತ್ತು ನಿಮಿಷ ತಣ್ಣನೆಯ ನೀರು ಹರಿಸುವುದು. ಇದು ಅಡುಗೆಮನೆಗೂ ಬೇಕಾದ ಪಾಠ.

ನಾಲ್ಕನೆಯ ಪಾಠ: ಸ್ವಂತ ಸುರಕ್ಷತೆ ಮತ್ತು ಜೊತೆಗಾರರ ಹೊಣೆ

ಹಡಗಿನಲ್ಲಿ ಸದ್ದಿಲ್ಲದೆ ಜೀವ ತೆಗೆಯುವುದು ಮುಚ್ಚಿದ ಜಾಗ. ಸರಕು ತುಂಬಿದ ಅಂಕಣ, ಖಾಲಿ ಟ್ಯಾಂಕ್, ತುಕ್ಕು ಹಿಡಿದ ಕೋಣೆ. ಕಲ್ಲಿದ್ದಲು, ಮರದ ದಿಮ್ಮಿ, ಕಬ್ಬಿಣದ ತುಕ್ಕು ಇವು ಒಳಗಿನ ಆಮ್ಲಜನಕವನ್ನು ಮೆಲ್ಲಗೆ ತಿಂದುಬಿಡುತ್ತವೆ. ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಓಡಿ ಇಳಿದವನೂ ಕುಸಿಯುತ್ತಾನೆ.

ನಮ್ಮ ಸೀಮೆಯವರಿಗೆ ಇದು ಹೊಸ ವಿಷಯವಲ್ಲ. ಜೋಳ ತುಂಬಿಡುತ್ತಿದ್ದ ಹಗೇವು ಹಿರಿಯರಿಗೆ ನೆನಪಿರಬಹುದು. ಹಗೇವಿನ ಬಾಯಿ ತೆಗೆದೊಡನೆ ತಿಳಿದವರು ಯಾರೂ ಇಳಿಯುತ್ತಿರಲಿಲ್ಲ. ಹೊತ್ತು ಬಿಟ್ಟು, ಗಾಳಿ ಆಡಿಸಿ, ದೀಪ ಇಳಿಬಿಟ್ಟು ನೋಡಿ, ಆಮೇಲೆ ಇಳಿಯುತ್ತಿದ್ದರು. ಹಡಗಿನಲ್ಲಿ ದೀಪದ ಜಾಗದಲ್ಲಿ ಗಾಳಿ ಅಳೆಯುವ ಯಂತ್ರವಿದೆ. ಆಮ್ಲಜನಕ ನೂರಕ್ಕೆ 21ರಷ್ಟು ಇರಬೇಕು. ಅಳೆದು, ಲಿಖಿತ ಅನುಮತಿ ಪಡೆದು, ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸಿಯೇ ಇಳಿಯಬೇಕು. ಅಜ್ಜನ ಹಗೇವಿನ ಬುದ್ಧಿಯನ್ನು ಮೊಮ್ಮಗ ಹಡಗಿನಲ್ಲಿ ಮರೆಯಬಾರದು.

ಇದೇ ಕೋರ್ಸಿನಲ್ಲಿ ಇನ್ನೂ ಕೆಲವು ವಿಷಯಗಳಿವೆ. ದಿನದ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಸಿಬ್ಬಂದಿಯ ಹಕ್ಕು, ಏಕೆಂದರೆ ನಿದ್ದೆಗೆಟ್ಟವನಿಂದಲೇ ಅಪಘಾತ. ಕುಡಿತ, ಮಾದಕ ವಸ್ತು ಸಲ್ಲದು. ಎಣ್ಣೆ, ಪ್ಲಾಸ್ಟಿಕ್ ಸಮುದ್ರಕ್ಕೆ ಎಸೆಯುವಂತಿಲ್ಲ. ಬೇರೆ ಬೇರೆ ದೇಶ, ಧರ್ಮ, ಭಾಷೆಯವರ ಜೊತೆ ತಿಂಗಳುಗಟ್ಟಲೆ ಒಂದೇ ಸೂರಿನಡಿ ಇರಬೇಕು. ಆದೇಶಗಳು ಇಂಗ್ಲಿಷಿನಲ್ಲಿರುತ್ತವೆ, ಅರ್ಥವಾಗದಿದ್ದರೆ ಮತ್ತೆ ಕೇಳಬೇಕು. ಹಡಗಿನೊಳಗಿನ ಕಿರುಕುಳ, ದೌರ್ಜನ್ಯ, ಲೈಂಗಿಕ ಹಿಂಸೆಯನ್ನು ತಡೆಯುವ ಪಾಠವನ್ನೂ 2026ರ ಜನವರಿ 1ರಿಂದ ಇದಕ್ಕೆ ಸೇರಿಸಿದ್ದಾರೆ.

ಐದನೆಯ ಪಾಠ: ಭದ್ರತೆ

ಕಡಲ್ಗಳ್ಳರು ಬಂದರೆ ಏನು ಮಾಡಬೇಕು, ಬಂದರಿನಲ್ಲಿ ಹಡಗು ಏರುವವರನ್ನು ಹೇಗೆ ತಪಾಸಣೆ ಮಾಡಬೇಕು, ಅನುಮಾನದ ಗಂಟು ಕಂಡರೆ ಯಾರಿಗೆ ಹೇಳಬೇಕು ಎಂಬುದು ಕೊನೆಯ ಕೋರ್ಸ್. ಇದು ಬರಿಯ ಮಾತಲ್ಲ. 2024ರ ಮಾರ್ಚ್ 6ರಂದು ಏಡನ್ ಕೊಲ್ಲಿಯಲ್ಲಿ ‘ಟ್ರೂ ಕಾನ್ಫಿಡೆನ್ಸ್’ ಎಂಬ ಸರಕು ಹಡಗಿಗೆ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತರು. ಹಡಗು ಬಿಟ್ಟ 21 ಮಂದಿಯನ್ನು ಐಎನ್‌ಎಸ್ ಕೋಲ್ಕತಾ ರಕ್ಷಿಸಿತು. ಅವರಲ್ಲಿ ಒಬ್ಬ ಭಾರತೀಯನೂ ಇದ್ದ.

ಹಡಗಿನ ತಳದಲ್ಲಿ ರಂಧ್ರ

ಕೆಲವು ಹಿರಿಯರು ಹೇಳುವುದುಂಟು: ಮೌತ್ ಎಲ್ಲಿ ಬರೆದಿದೆಯೋ ಅಲ್ಲಿಯೇ ಬರುತ್ತದೆ, ಇಷ್ಟೆಲ್ಲ ಏಕೆ? ಮೌತ್ ಅಲ್ಲಾಹನ ಕೈಯಲ್ಲಿದೆ, ನಿಜ. ಆದರೆ ಒಂಟೆಯನ್ನು ಕಟ್ಟದೆ ಬಿಟ್ಟು ತವಕ್ಕುಲ್ ಎನ್ನಲು ಹೊರಟವನಿಗೆ ಪ್ರವಾದಿ(ಸ)ರು ಮೊದಲು ಕಟ್ಟಲು ಹೇಳಿದ್ದು ನಮಗೆಲ್ಲ ಗೊತ್ತು. ಲೈಫ್ ಜಾಕೆಟ್ ಕಟ್ಟಿಕೊಳ್ಳುವುದೂ ಅದೇ ಸಾಲಿನ ಮಾತು.

ಇನ್ನೊಂದು ಹದೀಸ್ ಹಡಗಿನ ಬಗ್ಗೆಯೇ ಇದೆ. ನುಅಮಾನ್ ಬಿನ್ ಬಶೀರ್(ರ) ಅವರಿಂದ ವರದಿಯಾಗಿ ಬುಖಾರಿಯಲ್ಲಿದೆ. ಒಂದು ಹಡಗಿನಲ್ಲಿ ಚೀಟಿ ಎತ್ತಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಗಂತಸ್ತು ಸಿಕ್ಕಿತು. ಕೆಳಗಿನವರು ನೀರಿಗಾಗಿ ಮೇಲಿನವರನ್ನು ದಾಟಿ ಹೋಗಬೇಕಿತ್ತು. ಅವರಿಗೆ ತೊಂದರೆ ಏಕೆಂದು ತಮ್ಮ ಪಾಲಿನ ಜಾಗದಲ್ಲೇ ರಂಧ್ರ ಕೊರೆಯಲು ಯೋಚಿಸಿದರು. ಮೇಲಿನವರು ತಡೆದರೆ ಎಲ್ಲರೂ ಉಳಿಯುತ್ತಾರೆ, ಬಿಟ್ಟರೆ ಎಲ್ಲರೂ ಮುಳುಗುತ್ತಾರೆ ಎಂಬುದು ಅದರ ಸಾರ.

ಕಲಿಯದೆ ಕೊಂಡ ಸರ್ಟಿಫಿಕೇಟ್ ಅಂಥದೇ ರಂಧ್ರ. ಬೆಂಕಿಯ ಹೊತ್ತಿನಲ್ಲಿ ಮೆದುಗೊಳವೆ ಹಿಡಿಯಬೇಕಾದವನಿಗೆ ಅದು ಬಾರದಿದ್ದರೆ ಅವನ ಹಿಂದೆ ನಿಂತವನೂ ಸುಡುತ್ತಾನೆ. ದೋಣಿ ಇಳಿಸಬೇಕಾದವನಿಗೆ ಕೊಂಡಿ ಬಿಡಿಸಲು ಬಾರದಿದ್ದರೆ ದೋಣಿಯಲ್ಲಿ ಕುಳಿತವರೆಲ್ಲರ ಪ್ರಾಣ ಹೋದೀತು. ಅಲ್ಲದೆ ಅದು ಅಪರಾಧ. ಭಾರತದ ಪ್ರತಿ ನಾವಿಕನಿಗೂ ಇಂಡೋಸ್ ಎಂಬ ಸಂಖ್ಯೆ ಇರುತ್ತದೆ. ಅವನು ಮಾಡಿದ ಕೋರ್ಸುಗಳು ಆ ಸಂಖ್ಯೆಯ ಹೆಸರಿನಲ್ಲಿ ಡಿಜಿ ಶಿಪ್ಪಿಂಗ್ ದಾಖಲೆಯಲ್ಲಿರುತ್ತವೆ. ಸುಳ್ಳು ಕಾಗದ ಸಿಕ್ಕಿಬೀಳುತ್ತದೆ, ಮಗನ ದಾರಿ ಅಲ್ಲಿಗೆ ಮುಚ್ಚುತ್ತದೆ.

ಹಣ ಕೊಡುವ ಮೊದಲು

ಮೊದಲು ವೈದ್ಯಕೀಯ ಪರೀಕ್ಷೆ. ಡಿಜಿ ಶಿಪ್ಪಿಂಗ್ ಒಪ್ಪಿದ ವೈದ್ಯರಿಂದಲೇ ಆಗಬೇಕು. ಬಣ್ಣಗುರುಡು ಇದ್ದರೆ ಡೆಕ್ಕಿನ ಕಾವಲು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಫೀ ಕಟ್ಟಿದ ಮೇಲೆ ಇದು ಗೊತ್ತಾದರೆ ಹಣ ಹೋದಂತೆಯೇ.

ಎರಡನೆಯದು, ಸಂಸ್ಥೆ. ಯಾವ ಸಂಸ್ಥೆಗೆ ಯಾವ ಕೋರ್ಸ್ ನಡೆಸಲು ಅನುಮತಿ ಇದೆ ಎಂಬ ಪಟ್ಟಿ ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿದೆ. ಏಜೆಂಟ್ ತೋರಿಸುವ ಫೋಟೋ ನೋಡಿ ನಂಬಬೇಡಿ.

ಮೂರನೆಯದು, ಐದು ಕೋರ್ಸ್ ಆದ ಮಾತ್ರಕ್ಕೆ ನೌಕರಿಯಿಲ್ಲ. ಸಿಡಿಸಿ ಎಂಬ ನಾವಿಕರ ಪುಸ್ತಕ ಕೈಗೆ ಬಂದ ಮಾತ್ರಕ್ಕೂ ನೌಕರಿಯಿಲ್ಲ. ಹತ್ತನೇ ತರಗತಿ ಆದವರು ಸರಕು ಹಡಗಿನ ಖಲಾಸಿಯಾಗಲು ಇರುವ ಸರಿಯಾದ ದಾರಿ ಆರು ತಿಂಗಳ ಜಿಪಿ ರೇಟಿಂಗ್ ತರಬೇತಿ. “ಹದಿನೈದು ದಿನದ ಕೋರ್ಸ್, ಮರುತಿಂಗಳು ಹಡಗು” ಎಂದರೆ ಅಲ್ಲಿಯೇ ಎದ್ದು ಬನ್ನಿ.

ನಾಲ್ಕನೆಯದು, ನೇಮಕ ಮಾಡುವ ಕಂಪನಿಗೆ ಆರ್‌ಪಿಎಸ್‌ಎಲ್ ಎಂಬ ಸರ್ಕಾರಿ ಲೈಸೆನ್ಸ್ ಇರಬೇಕು. ಅದರ ನಂಬರ್ ಕೇಳಿ, ಜಾಲತಾಣದಲ್ಲಿ ನೋಡಿ. ನೌಕರಿ ಕೊಡಿಸಲು ನಾವಿಕನಿಂದ ಹಣ ಪಡೆಯುವುದು ನಿಯಮಕ್ಕೆ ವಿರುದ್ಧ. ಭಾರತ 2015ರಲ್ಲಿ ಒಪ್ಪಿದ ನಾವಿಕರ ಕಾರ್ಮಿಕ ಒಪ್ಪಂದವೂ ಇದನ್ನೇ ಹೇಳುತ್ತದೆ. ಪಾಸ್‌ಪೋರ್ಟ್, ನಾವಿಕರ ಪುಸ್ತಕ, ವೈದ್ಯಕೀಯ ಪರೀಕ್ಷೆಯ ಖರ್ಚು ಮಾತ್ರ ನಾವಿಕನ ಮೇಲೆ ಬರಬಹುದು. ತರಬೇತಿಯ ಫೀಯನ್ನು ಸಂಸ್ಥೆಗೆ ನೇರವಾಗಿ ಕಟ್ಟಿ ರಸೀದಿ ಪಡೆಯಿರಿ.

ಐದನೆಯದು, ಹಡಗಿನ ಹೆಸರು, ಅದರ ಐಎಂಒ ನಂಬರ್, ಸಂಬಳ, ಅವಧಿ ಬರೆದ ಕರಾರುಪತ್ರದ ಪ್ರತಿ ಮನೆಯಲ್ಲಿರಲಿ. ಟೂರಿಸ್ಟ್ ವೀಸಾದ ಮೇಲೆ ಬೇರೆ ದೇಶಕ್ಕೆ ಹೋಗಿ ಅಲ್ಲಿ ಹಡಗು ಹತ್ತು ಎಂದರೆ ಕಳಿಸಬೇಡಿ.

ನೀರಿಗೆ ಹೆದರುವ ಹುಡುಗ ಈಗಿನಿಂದಲೇ ಈಜು ಕಲಿಯಲಿ. ಕೆರೆಗೆ ಒಬ್ಬನೇ ಇಳಿದು ಅಲ್ಲ, ಕಲಿಸುವವರು ಇರುವ ಈಜುಕೊಳದಲ್ಲಿ. ಪರಿಣತ ಈಜುಗಾರನೇ ಆಗಬೇಕೆಂದಿಲ್ಲ. ಜಾಕೆಟ್ ಇಲ್ಲದೆಯೂ ತೇಲಲು, ಜಾಕೆಟ್ ಕಟ್ಟಿಕೊಂಡು ಈಜಲು ಬರಬೇಕು. ಕಾಸರಗೋಡಿನ ಬೇಕಲ, ಉದುಮ ಕಡೆಯಲ್ಲಿ ತಲೆಮಾರುಗಳಿಂದ ಹಡಗಿಗೆ ಹೋಗುವ ಮನೆಗಳಿವೆ. ಅಲ್ಲಿ ಕೇಳಲು ಅಣ್ಣನೋ ಮಾಮನೋ ಇರುತ್ತಾರೆ. ನಮ್ಮ ನಾಲ್ಕು ತಾಲೂಕುಗಳಲ್ಲಿ ಅಂಥವರು ಕಡಿಮೆ. ಅದಕ್ಕೇ ನಾವು ಎರಡು ಪಟ್ಟು ವಿಚಾರಿಸಬೇಕು.

ಕೋರ್ಸ್ ಮುಗಿಸಿ ಬಂದ ಮಗನನ್ನು ಊಟಕ್ಕೆ ಕೂರಿಸಿಕೊಂಡು ಅಮ್ಮಿ ನಾಲ್ಕು ಪ್ರಶ್ನೆ ಕೇಳಲಿ. ಅಪಾಯದ ಗಂಟೆ ಎಷ್ಟು ಸಲ ಹೊಡೆಯುತ್ತದೆ? ಜಿಗಿಯುವಾಗ ಜಾಕೆಟ್ ಏಕೆ ಹಿಡಿಯಬೇಕು? ಬೋರಲಾದ ತೆಪ್ಪವನ್ನು ಹೇಗೆ ಮಗುಚಿದೆ? ಟ್ಯಾಂಕಿನಲ್ಲಿ ಗೆಳೆಯ ಬಿದ್ದರೆ ಮೊದಲು ಏನು ಮಾಡುತ್ತೀಯ? ಕಡೆಯ ಪ್ರಶ್ನೆಗೆ “ಓಡಿ ಹೋಗಿ ಇಳಿಯುತ್ತೇನೆ” ಎಂದರೆ ಅವನು ಕಲಿತಿಲ್ಲ. “ಇಳಿಯುವುದಿಲ್ಲ, ಮೊದಲು ಗಂಟೆ ಹೊಡೆದು ಜನ ಕರೆಯುತ್ತೇನೆ” ಎಂದರೆ ಕಲಿತಿದ್ದಾನೆ. ಅಂಥವನನ್ನು ದುಆ ಮಾಡಿ ಕಳಿಸಿ.

ಭೂಮಿಯ ಮೇಲೂ ಕಡಲ ಮೇಲೂ ದುಡಿಯುವ ನಮ್ಮ ಮಕ್ಕಳನ್ನು ಅಲ್ಲಾಹನು ಕಾಪಾಡಲಿ. ಆಮೀನ್.